ಹೆಂಗಸರ ಸಾಲಿನಲ್ಲಿ

ಬೆಳಗಾವಿಗೆ ಹೊರಟಿದ್ದವಳು ಜ್ವರ ಏರಿದ್ದರಿಂದ ಧಾರವಾಡದಲ್ಲೇ ಇಳಿದು ಆಸ್ಪತ್ರೆಗೆ ಹೋದೆ. ಚೀಟಿಗೆ ಎರಡು ಸಾಲು, ಗಂಡಸರದು ಮತ್ತು ಹೆಂಗಸರದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ನಾನು ನಡುವೆಯೇ ನಿಂತುಬಿಟ್ಟೆ. ನಮ್ಮೂರಿನಲ್ಲಿ ಇಂಥ ಸಾಲಿನಿಂದ ಜನರ ನಗೆಗೆ ಹೆದರಿ, ಔಷಧಿಯಿಲ್ಲದೆ ಮರಳಿದ್ದುಂಟು.

ಹತ್ತಿರದ ಹಳ್ಳಿ ಅಮ್ಮಿನಬಾವಿಯ ಅಜ್ಜಿಯೊಬ್ಬರು ಹೆಂಗಸರ ಸಾಲಿನಿಂದ ಕರೆದರು. "ಅಲ್ಲ್ಯಾಕ ನಿಂತಿ ಯವ್ವಾ? ಬಾ, ನನ್ನ ಹಿಂದ ನಿಂದ್ರು."

"ಇವರು ನಮ್ಮ ಪಾಳ್ಯಾಗ ಯಾಕ?" ಎಂದು ಅವರ ಹಿಂದಿದ್ದವಳು ಗೊಣಗಿದಳು.

ಅಜ್ಜಿ ನನ್ನ ಹಣೆ ಮುಟ್ಟಿದರು. "ಮೈ ಕೆಂಡಾಗೇತಿ. ನೀನೂ ಮುಟ್ಟಿ ನೋಡು."

ಆಕೆ ಅಳುಕುತ್ತಲೇ ಮುಟ್ಟಿದಳು. ಆಮೇಲೆ ತಾನಾಗಿ ಹಿಂದೆ ಸರಿದು ಜಾಗ ಬಿಟ್ಟಳು.

ಗುಳಿಗೆ ಹಿಡಿದು ಹೊರಬಂದಾಗ ಅಜ್ಜಿ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದ್ದರು. "ಖಾಲಿ ಹೊಟ್ಟೀಲೆ ನುಂಗಬ್ಯಾಡ" ಎಂದು ರೊಟ್ಟಿ ಮುರಿದು ಕೈಗಿಟ್ಟರು. ಬಾಯಿ ಕಹಿಯಾಗಿತ್ತು. ಆದರೂ ಅವರ ಪಕ್ಕದಲ್ಲೇ ಕೂತು ಪೂರ್ತಿ ತಿಂದೆ.