ಹಿತ್ತಾಳೆ ಕೊಡದ ಮೇಲಿನ ಹೆಸರು

ಅಮ್ಮಾರ ಬಲಗೈ ಹೆಬ್ಬೆಟ್ಟಿಗೆ ಉಗುರು ಇರಲಿಲ್ಲ. ಉಗುರಿನ ಜಾಗದಲ್ಲಿ ಸುಟ್ಟ ಬದನೆಕಾಯಿ ಸಿಪ್ಪೆ ಸುಲಿದಂಗೆ ಮೆತ್ತಗೆ ಹೊಳೆಯುವ ಚರ್ಮ. ನಾಶಿಕದ ಪಂಚವಟಿಯಲ್ಲಿ ಅವರ ಹೋಟೆಲು ಹೊಸದಾಗಿ ಶುರುವಾದಾಗ ಇಡ್ಲಿ ಹಿಟ್ಟು ಅವರೇ ರುಬ್ಬುತ್ತಿದ್ದರಂತೆ. ಒಂದು ದಿನ ಗುಂಡುಕಲ್ಲು ಹೆಬ್ಬೆಟ್ಟಿನ ಮೇಲೆ ಬಿತ್ತು. ಅರಿವೆ ಸುತ್ತಿಕೊಂಡು ಉಳಿದ ಹಿಟ್ಟು ರುಬ್ಬಿ ಮುಗಿಸಿಯೇ ಎದ್ದರಂತೆ. ತಮ್ಮ ಕಷ್ಟ ತೋಡಿಕೊಳ್ಳಲಿಕ್ಕೆ ಇದನ್ನು ನನಗೆ ಹೇಳಿದ್ದಲ್ಲ. ನನ್ನ ಕೈಗೆ ಬಿಸಿ ಎಣ್ಣೆ ಸಿಡಿದು ನಾನು "ಹಾ" ಅಂದೆ ನೋಡ್ರಿ, ಅದಕ್ಕೆ ಹೇಳಿದ್ದು.

ನಾನು ಬೀದರ್ ಕಡೆಯವಳು. ಗಂಡ ನಾಶಿಕಕ್ಕೆ ಕರ್ಕೊಂಡು ಬಂದ, ತಾನು ಮುಂಬೈಗೆ ಅಂತ ಹೋದ, ತಿರುಗಿ ಬರಲಿಲ್ಲ. ಹೆತ್ತ ಕೂಸು ಹದಿನೈದು ದಿನಕ್ಕೆ ಸತ್ತಿತು. ಎದೆಯಲ್ಲಿ ಹಾಲಿತ್ತು. ಅದೇ ಹೊತ್ತಿಗೆ ಅಮ್ಮಾರು ಹೆತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ತಲೆಕೂದಲು ಬೆಳ್ಳಗಾಗುವಾಗ ಆದ ಹೆಣ್ಣುಕೂಸು. ಹಾಲು ಬರಲಿಲ್ಲ. ಯಾರೋ ನನ್ನನ್ನು ಒಯ್ದು ಅವರ ಮುಂದೆ ನಿಲ್ಲಿಸಿದರು.

"ಎಂತ ಜನ ನೀವು? ಮೀನು, ಮಾಂಸ ತಿನ್ನುದುಂಟಾ?"

"ಇಲ್ರಿ ಅಮ್ಮಾರ. ನಾವು ಲಿಂಗ ಕಟ್ಟೋರು."

"ಹಲ್ಲು ತೋರಿಸು."

ದನದ ಸಂತೆಯಲ್ಲಿ ನೋಡಿದಂಗೆ ನೋಡಿದರು. "ನಿನ್ನ ಮಗು ಹೇಗೆ ಸತ್ತದ್ದು?"

"ಜ್ವರ ಬಂದು ರೀ."

"ನಿನಗೆ ಜ್ವರ ಇಲ್ಲ ಅಲ್ಲ?"

ಅಷ್ಟೇ ಕೇಳಿದ್ದು. ಕೂಸನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದರು.

ಅವರ ಮನೆಯಲ್ಲಿ ಹೆಸರು ಕೊರೆಸದ ಪಾತ್ರೆ ಒಂದೂ ಇರಲಿಲ್ಲ. ಪಾತ್ರೆಗೆ ಹೆಸರು ಹಾಕುವವನು ಓಣಿಗೆ ಬಂದರೆ ಅವನನ್ನು ಜಗಲಿಯ ಮೇಲೆ ಕೂಡಿಸುತ್ತಿದ್ದರು. ಅವನು ಮರಾಠಿಯವನು, ಅವನಿಗೆ ಕನ್ನಡ ಎಲ್ಲಿಂದ ಬರಬೇಕು? ಅಮ್ಮಾರು ಕಾಗದದ ಮೇಲೆ ಬರೆದು ಕೊಟ್ಟದ್ದನ್ನು ನೋಡಿ ನೋಡಿ ಚಿತ್ರ ತೆಗೆದಂಗೆ ಕೊರೆಯುತ್ತಿದ್ದ. ಕೊಡ, ತಂಬಿಗೆ, ತಾಟು, ಸೌಟಿನ ಹಿಡಿಕೆ ಸುದ್ದಾ. ನೆರೆಮನೆಯವರ ಬಟ್ಟಲು ಸಂಜೆಯೊಳಗೆ ತಿರುಗಿ ಹೋಗಬೇಕು. ಇವರದು ಸಂಜೆಯೊಳಗೆ ತಿರುಗಿ ಬರಬೇಕು. "ನಮ್ಮದು ನಮಗೆ, ಅವರದು ಅವರಿಗೆ," ಅನ್ನುತ್ತಿದ್ದರು. ಆ ಕೊರೆದ ಅಕ್ಷರ ಏನಂತ ನನಗೆ ಗೊತ್ತಿರಲಿಲ್ಲ. ಅವರ ಹೆಸರೂ ಗೊತ್ತಿರಲಿಲ್ಲ. ಆಳುಗಳಿಗೆ ಅವರು ಅಮ್ಮಾರು. ಗಂಡ ಕರೆಯುವಾಗ "ಕೇಳಿತಾ?" ಅಂತಿದ್ದರು.

ಕೂಸಿಗೆ ಮೂರು ವರ್ಷ ಆಯಿತು. ಮಾತು ಬಂದದ್ದು ನನ್ನ ಮಾತು. ನನಗೆ ಅವ್ವ ಅನ್ನುತ್ತಿತ್ತು. ಹೆತ್ತ ತಾಯಿಗೆ, ನಾನು ಕರೆದದ್ದು ಕೇಳಿ ಕೇಳಿ, "ಅಮ್ಮಾರ, ಬರ್ರಿ" ಅನ್ನುತ್ತಿತ್ತು. ಹೋಟೆಲಿನವರೆಲ್ಲ ನಕ್ಕರು. ಅಮ್ಮಾರು ಕೂಸಿನ ಬಾಯಿಗೆ ಹೊಡೆದರು. ಅದು ಓಡಿ ಬಂದು ನನ್ನ ಸೆರಗಿನೊಳಗೆ ಹೊಕ್ಕಿತು. ಹೊಡೆದದ್ದಕ್ಕೆ ಸಿಕ್ಕ ಫಲ ಅದು.

ಆ ವರ್ಷ ಅಮ್ಮಾರ ಗಂಡ, ನಮ್ಮ ಮಾಲೀಕರು, ಆಸ್ಪತ್ರೆಯ ಹಳೇ ಗಾಡಿಯೊಂದನ್ನು ಲಿಲಾವಿನಲ್ಲಿ ಕೂಗಿ ಹಿಡಿದರು. ಸಿನ್ನರ್ ಊರಿನ ಬಡಿಗನ ಕಡೆಯಿಂದ ಅದರೊಳಗೆ ಮನೆ ಮಾಡಿಸಿದರು. ಮಲಗಲಿಕ್ಕೆ ಎರಡು ಹಲಗೆ, ಸ್ಟೋವಿಗೆ ಕಟ್ಟೆ, ಪಾತ್ರೆ ಬೀಳದಂಗೆ ತೂತು ಕೊರೆದ ಅಡ್ಡಹಲಗೆ, ಕಿಟಕಿಗೆ ಹೂವಿನ ಪರದೆ. ಯಾಕೆ ಅಂದರೆ, ಊರಿಗೆಲ್ಲ ಉಣ್ಣಿಸುವ ಮಾಲೀಕರು ಬೇರೆಯವರ ಹೋಟೆಲಿನಲ್ಲಿ ನೀರು ಮುಟ್ಟುತ್ತಿರಲಿಲ್ಲ. "ಹೋಟೆಲಿನ ಒಳಗೆ ಎಂತೆಂತ ಆಗ್ತದೆ ಅಂತ ನನಗೆ ಗೊತ್ತುಂಟು ಮಾರಾಯ್ತಿ," ಅಂತಿದ್ದರು. ಪ್ರವಾಸ ಹೋಗಬೇಕು, ಹೊರಗೆ ಉಣ್ಣಬಾರದು. ಇಂಥ ಹುಚ್ಚು ಹೋಟೆಲಿನವರಿಗೇ ಬರಬೇಕು.

ಐದು ದಿನದ ಪ್ರವಾಸ. ವೇರೂಳಿನ ಘೃಷ್ಣೇಶ್ವರ ಗುಡಿ, ಅಲ್ಲಿಯ ಕಲ್ಲು ಕೊರೆದ ಗವಿಗಳು, ಅಲ್ಲಿಂದ ಔರಂಗಾಬಾದ್. ಈಗ ಅದಕ್ಕೆ ಸಂಭಾಜಿನಗರ ಅಂತಾರೆ. ಹೊರಡುವ ದಿನ ಬೆಳಿಗ್ಗೆ ಅಮ್ಮಾರು ನನಗೆ ಹೇಳಿದರು: "ಮಗು ನನ್ನ ಪಕ್ಕ ಕೂತ್ಕೊಳ್ತದೆ. ನೀನು ಹಿಂದೆ, ಒಲೆ ಹತ್ರ. ಅದು ಕರೆದರೂ ತಿರುಗಬೇಡ. ತಿರುಗ್ಬೇಕು ಅಂತ ಕಂಡ್ರೆ ಒಲೆ ನೋಡು."

ಅವರಿಗೆ ಮಗಳು ಬೇಕಿತ್ತು. ನನಗೆ ಆ ಮನೆ ಬಿಟ್ಟರೆ ನಿಲ್ಲಲಿಕ್ಕೆ ಬೇರೆ ನೆಲ ಇರಲಿಲ್ಲ. ಇಬ್ಬರೂ ಒಂದೇ ಗಾಡಿಯಲ್ಲಿ ಹೊರಟೆವು.

ಅಮ್ಮಾರು ಪಾಟಿ, ಬಳಪ ತಂದಿದ್ದರು. ನಾಶಿಕದಲ್ಲಿ ಹುಡುಗರೆಲ್ಲ ಮರಾಠಿ ಸಾಲಿಗೇ ಹೋಗುವವರು. ಅದಕ್ಕೂ ಮೊದಲು ಮಗಳ ಕೈಗೆ ಕನ್ನಡ ಅಕ್ಷರ ಹತ್ತಬೇಕು ಅಂತ ಅವರ ಹಟ. ಸುಲಭದ್ದು ಅಂತ ಮೊದಲು "ರ" ಬರೆದರು. ಯೇವಲಾ ಊರು ದಾಟಿದರೂ ಕೂಸು ಬಾಯಿ ಬಿಡಲಿಲ್ಲ. ಪಾಟಿ ಕೆಳಗೆ ಒಗೆಯಿತು.

"ಅವ್ವ ಅಂದ್ರ ಅಂತೀನಿ," ಅಂದಿತು.

ಅಮ್ಮಾರು ಪಾಟಿ ಎತ್ತಿ ಒರೆಸಿದರು. ಆಮೇಲೆ ನನ್ನನ್ನು ಕರೆದರು. "ಬಾ ಇಲ್ಲಿ. ನೀನು ಹೇಳು. ಅದು ನಿನ್ನ ಬಾಯಿ ನೋಡ್ತದೆ."

"ನಂಗ ಬರಂಗಿಲ್ರಿ ಅಮ್ಮಾರ."

"ಬರುದಿಲ್ಲ ಅಂತಲೇ ಹೇಳಿಕೊಡುದು."

ಹಂಗೆ ನಾನು ಅಕ್ಷರ ಕಲಿತೆ. ಅವರು ಬರೆಯೋದು, ನಾನು ಅನ್ನೋದು, ನನ್ನ ಹಿಂದೆ ಕೂಸು ಅನ್ನೋದು. ಉಗುರಿಲ್ಲದ ಹೆಬ್ಬೆಟ್ಟು ಒದ್ದೆ ಮಾಡಿ ಪಾಟಿ ಒರೆಸೋದು, ಮತ್ತೆ ಬರೆಯೋದು. ನಾನು ತಪ್ಪಿದರೆ ಸೌಟಿನ ಹಿಡಿಕೆಯಿಂದ ನನ್ನ ಬೆರಳ ಗೆಣ್ಣಿಗೆ ಏಟು. ಕೂಸು ತಪ್ಪಿದರೂ ಏಟು ನನಗೇ. ಒಮ್ಮೆ ಮಾಲೀಕರು ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದರು, "ಅವಳಿಗ್ಯಾಕೆ ಹೊಡಿತಿ? ತಪ್ಪಿದ್ದು ಮಗು ಅಲ್ವಾ?"

"ಮಗುವಿಗೆ ಹೊಡೆದ್ರೆ ಅದು ಇವಳ ಹತ್ರ ಓಡ್ತದೆ. ಇವಳಿಗೆ ಹೊಡೆದ್ರೆ ಇವಳು ಎಲ್ಲಿಗೆ ಓಡ್ತಾಳೆ?"

ಮಾಲೀಕರು ರಸ್ತೆ ನೋಡಿದರು. ಕೆಟ್ಟವರಲ್ಲ. ಹೆಂಡತಿ ಮಾತಾಡುವಾಗ ಅವರಿಗೆ ರಸ್ತೆ ಬಹಳ ಚೆನ್ನಾಗಿ ಕಾಣುತ್ತಿತ್ತು.

ಅಕ್ಷರ ಸರಿ ಬಂದರೆ ಅಮ್ಮಾರು ಸುಮ್ಮನಿರುತ್ತಿದ್ದರು. ಏಟು ಬೀಳಲಿಲ್ಲ ಅಂದರೆ ಸರಿ ಅಂತ ನಾವೇ ತಿಳಿಯಬೇಕು. "ಸರಿ" ಅನ್ನೋ ಮಾತು ಅವರ ಬಾಯಿಂದ ಹೋಟೆಲಿನ ಭಟ್ಟರೂ ಕೇಳಿರಲಿಲ್ಲ.

ಮೊದಲ ದಿನ ನನಗೆ ಏಟು ಬಿದ್ದಾಗ ಕೂಸು ಅತ್ತಿತು. ಎರಡನೇ ದಿನ ನೋಡುತ್ತಾ ಕುಳಿತಿತು. ಮೂರನೇ ದಿನ ಬೇಕಂತಲೇ ತಪ್ಪು ಹೇಳಿ, ಸೌಟು ತಾನೇ ಎತ್ತಿ ಅಮ್ಮಾರ ಕೈಗೆ ಕೊಟ್ಟಿತು. ನನ್ನ ಗೆಣ್ಣಿಗೆ ಟಕ್ ಅಂತ ಬಿತ್ತು. ಕೂಸು ಕೇಕೆ ಹಾಕಿತು. ಅಮ್ಮಾರು ಅದನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡು ತಾವೂ ನಕ್ಕರು. ಅವರು ಅಷ್ಟು ನಕ್ಕದ್ದು ನಾನು ನೋಡಿರಲಿಲ್ಲ. ತಾಯಿ ಮಗಳು ಒಂದಾದರು ಅಂದುಕೊಂಡೆ, ನನ್ನ ಕೆಲಸವೂ ಉಳಿಯಿತು ಅಂದುಕೊಂಡೆ. ಆ ಸಮಾಧಾನಕ್ಕೆ ಇನ್ನೂ ನಾಲ್ಕು ಏಟು ತಿಂದೆ.

ವೇರೂಳಿನಲ್ಲಿ ದರ್ಶನ ಮಾಡಿ ಹೊರಗೆ ಬಂದೆವು. ಬಿಸಿಲಿಗೆ ನಡೆಯಲಾರದೆ ಕೂಸು ನನ್ನ ಬಗಲಿಗೆ ಏರಿತ್ತು. ಹೂವಿನವಳೊಬ್ಬಳು ನಮ್ಮನ್ನು ನೋಡಿ, ತಾಯಿ ಮಗಳು ಒಂದೇ ನಮೂನೆ ಇದ್ದೀರಿ ಅಂತ ಮರಾಠಿಯಲ್ಲಿ ಅಂದಳು. ಅಷ್ಟಕ್ಕೇ ಬಿಡಲಿಲ್ಲ. ಅಮ್ಮಾರ ಬಿಳಿ ಕೂದಲು ನೋಡಿ, "ತುಮಚೀ ಸೂನ್ ಕಾ?" ಅಂತ ಕೇಳಿದಳು, ನಾನು ಅವರ ಸೊಸೆಯೇನು ಅಂತ.

ಅಮ್ಮಾರಿಗಿಂತ ಮೊದಲು ಕೂಸು ಮಾತಾಡಿತು.

"ಅಮ್ಮಾರ, ಅವ್ವಗ ಹೂ ಕೊಡಸ್ರಿ."

ಮೂರು ದಿನ ನಾನು ಏಟು ತಿಂದದ್ದೆಲ್ಲ ಆ ಒಂದು ಮಾತಿಗೆ ಹೋಯಿತು. ಅಮ್ಮಾರು ಹೂ ಕೊಂಡರು. ತಮ್ಮ ಕೈಯಾರೆ ನನ್ನ ತುರುಬಿಗೆ ಮುಡಿಸಿದರು. ಉಗುರಿಲ್ಲದ ಹೆಬ್ಬೆಟ್ಟು ನನ್ನ ತಲೆಬುರುಡೆಯನ್ನು ಒತ್ತಿದ್ದು ಈಗಲೂ ಗೊತ್ತಾಗುತ್ತದೆ. "ಕೊಟ್ಟೆ. ಆಯ್ತಾ ಮಗೂ?" ಅಂದರು, ಬಹಳ ಮೆತ್ತಗೆ.

ಮರುದಿನ ದೌಲತಾಬಾದಿನ ಕೋಟೆ ದಾಟಿ ಬರುತ್ತಿದ್ದೆವು. ಔರಂಗಾಬಾದ್ ಹತ್ತಿರವೇ ಇತ್ತು. ರಸ್ತೆಯ ಬದಿಗೆ ಒಂದು ಬಾವಿ ಕಂಡಿತು. "ನಲ್ಲಿ ನೀರು ಬೇಡ, ಬಾವಿಯದ್ದು ಸೇದಿಕೊಂಡು ಬಾ," ಅಂತ ಅಮ್ಮಾರು ಹಿತ್ತಾಳೆ ಕೊಡ ಕೊಟ್ಟರು. ಇಳಿದೆ. ಬಾವಿ ಕಟ್ಟೆಗೆ ಹೋಗಿ ಹಗ್ಗ ಹಿಡಿಯುವಾಗ ಗಾಡಿ ಶುರುವಾದ ಸದ್ದು ಕೇಳಿತು. ತಿರುಗಿ ನೋಡಿದರೆ ಹೊರಟೇಬಿಟ್ಟಿದೆ. ಕೊಡ ಬಗಲಲ್ಲಿಟ್ಟುಕೊಂಡೇ ಓಡಿದೆ. ಹಿಂದಿನ ಕಿಟಕಿಯಲ್ಲಿ ಪರದೆ ಸರಿಸಿ ಕೂಸು ನಿಂತಿತ್ತು. ಅದು ಅಳಲಿಲ್ಲ. ಇದೂ ಒಂದು ಆಟ ಅಂದುಕೊಂಡು ಕೈ ಬೀಸಿ ನಗುತ್ತಿತ್ತು.

ಕಾಲು ಸೋತ ಮೇಲೆ ಬಾವಿ ಕಟ್ಟೆಗೆ ಬಂದು ಕುಳಿತೆ. ಅಳಲಿಲ್ಲ. ಅತ್ತರೆ ಯಾರು ನೋಡಬೇಕು? ಮಾಡಲಿಕ್ಕೆ ಕೆಲಸ ಇಲ್ಲದೆ ಕೊಡ ನೋಡುತ್ತಾ ಕುಳಿತೆ. ಕೊರಳ ಹತ್ತಿರ ಕೊರೆದ ಅಕ್ಷರ ಇದ್ದವು, ಕೊಂಬು ದೀರ್ಘ ಏನೂ ಇಲ್ಲದ ಮೂರು ಅಕ್ಷರ. ಎರಡು ಥಟ್ಟನೆ ಗುರ್ತು ಸಿಕ್ಕವು. ಮೂರನೆಯದು ಕೂಸು ಬೇಕಂತಲೇ ತಪ್ಪಿದ ಅಕ್ಷರ. ಅದನ್ನು ನನ್ನ ಗೆಣ್ಣು ಮರೆತಿರಲಿಲ್ಲ. ಮೂರನ್ನೂ ಕೂಡಿಸಿ ಅಂದೆ. ಅದು ಹೆಂಗಸಿನ ಹೆಸರಾಗಿತ್ತು. ಅಮ್ಮಾರ ಹೆಸರು ಅದು ಅಂತ ಆಗ ತಿಳಿಯಿತು. ನನ್ನ ಜೀವನದಲ್ಲಿ ನಾನೇ ಓದಿದ ಮೊದಲ ಮಾತು.

ಅರ್ಧ ತಾಸು ಆಗಿರಬೇಕು. ಧೂಳು ಎದ್ದಿತು. ಗಾಡಿ ತಿರುಗಿ ಬಂತು.

ಸುಳ್ಳು ಯಾಕೆ ಹೇಳಲಿ, ಎದೆ ಹಿಗ್ಗಿತು. ಕೂಸು ಹಟ ಮಾಡಿರಬೇಕು, ನಾನಿಲ್ಲದೆ ಉಣಲಿಲ್ಲ ಕಾಣುತ್ತದೆ ಅಂದುಕೊಂಡು ಎದ್ದು ನಿಂತೆ. ಅಮ್ಮಾರು ಇಳಿದರು. ಕೈಯಲ್ಲಿ ನನ್ನ ಸೀರೆ ಗಂಟು ಇತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟರು.

"ನಿನ್ನದು ಗಾಡಿಯಲ್ಲಿ ಉಳಿದಿತ್ತು. ಕೊಡ ಕೊಡು."

ಕೊಡ ಒಯ್ಯಲಿಕ್ಕೆ ಬಂದಿದ್ದರು! ನಮ್ಮದು ನಮಗೆ, ಅವರದು ಅವರಿಗೆ. ನಾನು ಕೊಡ ಹಿಡಿದುಕೊಂಡೇ ನಿಂತೆ. ಏನು ಬಯ್ಯಬೇಕು ಅಂತ ಹೊಳೆಯಲಿಲ್ಲ. ಅವರ ಮುಖ ನೋಡಿ ಅವರ ಹೆಸರು ಹಿಡಿದು ಕರೆದೆ. ಬರೀ ಹೆಸರು. ಮುಂದೆ ಅಮ್ಮಾರ ಇಲ್ಲ, ರೀ ಇಲ್ಲ.

ಮಾಲೀಕರು ಒಳಗಿಂದ ಕೆಮ್ಮಿದರು. ಅಮ್ಮಾರ ಕಪಾಳ ಕೆಂಪಾಯಿತು. ಹೊಡೆಯುತ್ತಾರೆ ಅಂತ ಕಣ್ಣು ಮುಚ್ಚಿದೆ.

"ಯಾರು ಹೇಳಿದ್ದು ನಿನಗೆ?"

"ಯಾರೂ ಇಲ್ಲ. ಕೊಡದ ಮ್ಯಾಲ ಅದ."

"ಎಲ್ಲಿ? ಬೆರಳಿಟ್ಟು ಓದು."

ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಓದಿದೆ.

"ಸರಿ ಉಂಟು," ಅಂದರು. ಕೊಡ ಕಸಿದುಕೊಂಡರು, ಗಾಡಿ ಹತ್ತಿದರು, ಹೋದರು. ಕೂಸು ಒಳಗೆ ನಿದ್ದೆ ಹೋಗಿತ್ತು.

ನಾನು ಔರಂಗಾಬಾದಿಗೆ ನಡೆದು ಬಂದೆ. ಅಲ್ಲೇ ಕಲಬುರ್ಗಿ ಕಡೆಯ ಬಟ್ಟೆ ವ್ಯಾಪಾರದವರ ಮನೆಯಲ್ಲಿ ಪಾತ್ರೆ ತಿಕ್ಕಲಿಕ್ಕೆ ಸೇರಿಕೊಂಡೆ. ಅವರ ಮನೆಗೆ ಕನ್ನಡ ಪೇಪರು ಬರುತ್ತಿತ್ತು. ಉಳಿದ ಅಕ್ಷರ ಅದರಿಂದ ಒಂದೊಂದೇ ಕೂಡಿಸಿಕೊಂಡೆ. ತಪ್ಪಾಯಿತು ಅನ್ನಿಸಿದರೆ ಗೆಣ್ಣು ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು.

ಎಷ್ಟೋ ವರ್ಷಕ್ಕೆ ಗೋದಾವರಿ ಸ್ನಾನಕ್ಕೆ ಅಂತ ನಾಶಿಕಕ್ಕೆ ಹೋದೆ. ಹೋಟೆಲು ಇತ್ತು. ಗೋಡೆಯ ಮೇಲೆ ಅಮ್ಮಾರ ಫೋಟೋ, ಗಂಧದ ಹಾರ. ರೊಕ್ಕ ಎಣಿಸುವ ಗಲ್ಲೆಯಲ್ಲಿ ದಪ್ಪಗಿನ ಹೆಂಗಸು ಕುಳಿತಿದ್ದಳು. ಮೂಗು ನೋಡಿದ ಕೂಡಲೇ ನಮ್ಮ ಕೂಸು ಅಂತ ನನಗೆ ಗುರ್ತು ಸಿಕ್ಕಿತು. ಆಕೆಗೆ ನನ್ನ ಗುರ್ತು ಸಿಗಲಿಲ್ಲ.

"ಕಾಯ್ ಪಾಹಿಜೆ, ಆಜೀ?" ಏನು ಬೇಕಜ್ಜಿ ಅಂತ ಮರಾಠಿಯಲ್ಲೇ ಕೇಳಿದಳು.

ಚಹಾ ಅಂದೆ. "ಆ ಫೋಟೋದವರು?" ಅಂತ ಕನ್ನಡದಲ್ಲಿ ಕೇಳಿದೆ. ಅವಳ ಕನ್ನಡ ತಡವರಿಸಿತು. "ನಮ್ಮ ಮಮ್ಮಿ. ಹೋಗಿ ನಾಲ್ಕು ವರ್ಷ ಝಾಲೀ. ಲಾಸ್ಟಿಗೆ ಗುರ್ತು ಹಿಡೀತಿರ್ಲಿಲ್ಲ. ನನ್ನನ್ನ ಕೆಲಸದವಳು ಅಂದ್ಕೊಂಡಿದ್ಲು."

"ಕೆಳಗ ಏನೋ ಬರದದ."

"ಅವಳದೇ ನಾವ್, ಹೆಸರು. ಕನ್ನಡದಾಗೇ ಬರೀಬೇಕು ಅಂತ ಹೇಳಿಟ್ಟಿದ್ಲು. ನಂಗೆ ಓದ್ಲಿಕ್ಕೆ ಬರಲ್ಲ ಆಜಿ."

ನಾನು ಗಟ್ಟಿಯಾಗಿ ಓದಿದೆ. ಆಕೆ ತಲೆ ಆಡಿಸಿ ಬೇರೆ ಗಿರಾಕಿ ಕಡೆ ತಿರುಗಿದಳು. ಚಹಾ ಬಂತು, ಸಕ್ಕರೆ ಕಮ್ಮಿ. ಲೋಟದ ಮೇಲೂ ಅದೇ ಮೂರು ಅಕ್ಷರ, ತಿಕ್ಕಿ ತಿಕ್ಕಿ ಸವೆದಿದ್ದವು. ಕುಡಿದು, ತೊಳೆದು, ಗಲ್ಲೆಯ ಮೇಲೆ ಇಟ್ಟು ಬಂದೆ. ಅವರ ಮನೆಯದು ಅಂತ ನನ್ನ ಹತ್ತಿರ ಒಂದು ಚಮಚ ಸುದ್ದಾ ಇಲ್ಲ. ಈ ಅಕ್ಷರ ಅಷ್ಟೇ ತಿರುಗಿ ಕೊಟ್ಟಿಲ್ಲ. ಕೇಳಿಕೊಂಡು ಅವರೂ ಬರಲಿಲ್ಲ.