ಗೋದಲಿಗೆ ಹೋದ ಮಟ್ಟು

ಹನುಮಂತನಗರದಿಂದ ಜರಗನಹಳ್ಳಿಗೆ ಸೊಸೆಯಾಗಿ ಹೋದ ಹೊಸದರಲ್ಲೇ ನಮ್ಮತ್ತೆ ಎಂಥ ಹಾಡುಗಾರ್ತಿ ಅಂತ ಗೊತ್ತಾಯಿತು. ರಾಗಿ ಬೀಸುವಾಗ, ಹಸೆಗೆ ಕರೆಯುವಾಗ ಎಷ್ಟೋ ಪದ ಹೇಳುತ್ತಿದ್ದರು. ಆದರೆ ಒಂದು ಪದವಿತ್ತು, ಎಳೆ ಮಕ್ಕಳು ತೀರಿಕೊಂಡರೆ ಮಾತ್ರ ಹೇಳುವಂಥದ್ದು. ಕೋಣನಕುಂಟೆಯ ತನಕ ಎಲ್ಲಿ ಕೂಸು ಹೋದರೂ ಅವರಿಗೆ ಕರೆ ಬರುತ್ತಿತ್ತು. ಅರಿಯದವರು ಕೇಳಿದರೆ ಜೋಗುಳ ಅನ್ನಬೇಕು, ಅಷ್ಟು ಮೆತ್ತಗಿತ್ತು ಅದರ ಮಟ್ಟು. ಏರಿ ಇಳಿದು, ಏರಿ ಇಳಿದು, ಕೊನೆಯಲ್ಲಿ ಸಟ್ಟನೆ ನಿಂತುಬಿಡುತ್ತಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಜೆ.ಪಿ. ನಗರದ ಸೈಟುಗಳು ನಮ್ಮ ಹೊಲದ ಬದುವಿನವರೆಗೂ ಬಂದಿದ್ದವು. ಹಿತ್ತಲಿನ ರೂಮುಗಳನ್ನು ಬಾಡಿಗೆಗೆ ಕೊಟ್ಟೆವು. ಬಂದವರು ಒಬ್ಬ ಕ್ರೈಸ್ತ ಟೀಚರ್ ಮತ್ತು ಅವರ ಗಂಡ. ಹತ್ತಿರದಲ್ಲೇ ಶೀಟು ಹೊದಿಸಿದ ಸಣ್ಣ ಚರ್ಚಿನಲ್ಲಿ ಟೀಚರ್ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಆಗ ಅವರು ಬಸುರಿ.

ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ಕೂಸು ಜ್ವರದಲ್ಲಿ ಹೋಯಿತು. ಅತ್ತೆ ಹಾಡಿದರು. ಟೀಚರ್ ನಮ್ಮ ಜಗಲಿಯ ಕಂಬ ಹಿಡಿದು, ಕಣ್ಣು ಮುಚ್ಚಿ, ಕೊನೆಯವರೆಗೂ ಕೇಳಿದರು.

ಡಿಸೆಂಬರಿನ ಒಂದು ಮಧ್ಯಾಹ್ನ ಹಿತ್ತಲಿಂದ ಹಾರ್ಮೋನಿಯಮ್ಮಿನಲ್ಲಿ ಅದೇ ಮಟ್ಟು ಕೇಳಿಸಿತು. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. ಎದ್ದು ಹೋದರು. ನಾನೂ ಹಿಂದೆಯೇ ಹೋದೆ.

"ಇದೇನು ಟೀಚರಮ್ಮ?"

"ಕ್ರಿಸ್‌ಮಸ್ಸಿಗೆ ಹೊಸ ಹಾಡು ಕಟ್ಟಿದೀನಿ ಅಮ್ಮ. ಗೋದಲಿಯಲ್ಲಿ ಹುಲ್ಲಿನ ಮೇಲೆ ಮಲಗಿರೋ ಯೇಸುಕೂಸಿಗೆ ಜೋಗುಳ. ಮಾತು ನಂದು, ಮಟ್ಟು ನಿಮ್ಮದು."

"ಆ ಮಟ್ಟು ಬೇಡ. ಬಸುರಿ ಹೆಂಗಸು ನೀನು."

"ನಾವು ಹಾಡೋ ಎಷ್ಟೋ ಕೀರ್ತನೆ ಯಾವ್ಯಾವುದೋ ಊರಿನ ಹೊಲದಲ್ಲಿ, ಕುಣಿತದಲ್ಲಿ ಹುಟ್ಟಿದ್ದೇ ಅಮ್ಮ. ಆಮೇಲೆ ದೇವರ ಮನೆಗೆ ಬಂದವು."

"ಹೊಲದ್ದು ತಗೋ, ಮದುವೇದು ತಗೋ, ಹೇಳಿಕೊಡ್ತೀನಿ. ಇದನ್ನ ನಾನು ಮೊದಲು ಹೇಳಿದ್ದು ನನ್ನ ಮಗಳಿಗೆ. ಮೂರು ತಿಂಗಳ ಕೂಸು."

ಮನೆಯಲ್ಲಿ ಯಾರೂ ನನಗೆ ಆ ಮಗಳ ಸುದ್ದಿ ಹೇಳಿರಲಿಲ್ಲ. ಟೀಚರ್ ಹಾರ್ಮೋನಿಯಂ ಮುಚ್ಚಿದರು. ಆಮೇಲೆ ಮೆಲ್ಲಗೆ, "ನಾವು ಹಾಡೋ ಈ ಕೂಸೂ ಸಾಯೋಕೇ ಹುಟ್ಟಿದ್ದು ಅಮ್ಮ. ಅದಕ್ಕೇ ಈ ಮಟ್ಟು ಬಿಡೋಕೆ ಆಗ್ತಿಲ್ಲ" ಅಂದರು.

ಅತ್ತೆ ಅವರ ಹೊಟ್ಟೆಯನ್ನು ಒಮ್ಮೆ ನೋಡಿ ಹೊರಗೆ ನಡೆದರು.

ಕ್ರಿಸ್‌ಮಸ್ ಹಿಂದಿನ ಸಂಜೆ ಚರ್ಚಿನವರು ಬೇವಿನ ಮರಕ್ಕೆ ಮೈಕು ಕಟ್ಟಿದ್ದರು. ಟೀಚರ್ ಕರೆದಿದ್ದರಿಂದ ನಾನು ಹೋಗಿ ಬಾಗಿಲ ಬಳಿ ನಿಂತಿದ್ದೆ. ಬಿಳಿ ಅಂಗಿ ತೊಟ್ಟ ಮಕ್ಕಳು ಹಾಡತೊಡಗಿದರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹೊರಗೆ ಕಾಲಿನ ಸದ್ದು. ನಮ್ಮೂರಿನ ಹೆಂಗಸರು ಓಡಿ ಬಂದಿದ್ದರು. ಕೆಲವರ ಕೈಗೆ ಹಿಟ್ಟು ಮೆತ್ತಿತ್ತು. ಒಬ್ಬಳು ನನ್ನ ತೋಳು ಹಿಡಿದು, "ಯಾರ ಮಗು? ಯಾರ ಮಗು ಹೋಯ್ತಕ್ಕಾ?" ಅಂತ ಕೇಳಿದಳು. ಕೂಸು ಕಳೆದುಕೊಂಡಿದ್ದ ಪಕ್ಕದ ಮನೆಯ ತಾಯಿ ಮೆಟ್ಟಿಲ ಮೇಲೆಯೇ ಕುಸಿದಳು. ಒಳಗೆ ಮಕ್ಕಳು ಏನೂ ತಿಳಿಯದೆ ಹಾಡುತ್ತಲೇ ಇದ್ದರು. ಟೀಚರ್ ತಿರುಗಿ ಬಾಗಿಲ ಕಡೆ ನೋಡಿದರು. ಅವರ ಎಡಗೈ ಹೊಟ್ಟೆಯ ಮೇಲೆ ಹೋಯಿತು, ಬಲಗೈ ತಾಳ ಹಾಕುವುದನ್ನು ಬಿಡಲಿಲ್ಲ.

ಯುಗಾದಿಗೆ ಮುಂಚೆ ಅವರಿಗೆ ಗಂಡುಮಗುವಾಯಿತು. ಗಟ್ಟಿಮುಟ್ಟಾಗಿತ್ತು. ಆದರೂ ಅತ್ತೆ ದಿನಾ ಬೆಳಗ್ಗೆ ಹಿತ್ತಲಿಗೆ ಹೋಗಿ ಅದರ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬರುತ್ತಿದ್ದರು. ಟೀಚರ್ ಬೇಡ ಅನ್ನಲಿಲ್ಲ. ಅತ್ತೆ ಬರುವ ಹೊತ್ತಿಗೆ ತಾವೇ ಕದ ತೆಗೆದಿಡುತ್ತಿದ್ದರು. ಮಗುವಿಗೆ ಮೂರು ತಿಂಗಳು ತುಂಬಿದ ವಾರ ಇಬ್ಬರಿಗೂ ಊಟ ಸೇರಲಿಲ್ಲ. ಆ ವಾರವೂ ಕಳೆಯಿತು. ಮಗು ಮಗುಚಿಕೊಂಡಿತು, ತೆವಳಿತು, ನಡೆಯಿತು. ಆಮೇಲೆ ಅವರು ಬನಶಂಕರಿ ಕಡೆ ಮನೆ ಮಾಡಿಕೊಂಡು ಹೋದರು.

ಹಾಡು ಇಲ್ಲೇ ಉಳಿಯಿತು. ಎಂಬತ್ತರ ದಶಕದಲ್ಲಿ ಬಿ.ಟಿ.ಎಂ. ಲೇಔಟ್ ಕಡೆಯೂ ಅದನ್ನು ಕೇಳಿದೆ. ಯಾರು ಕಟ್ಟಿದ್ದು ಅಂತ ವಿಚಾರಿಸಿದರೆ, ಬಹಳ ಹಳೇ ಕೀರ್ತನೆ ಅಂದರು. ಒಂದು ಡಿಸೆಂಬರಿನಲ್ಲಿ ನನ್ನ ಮಗಳು ಸ್ಕೂಲಿನಿಂದ ಅದನ್ನೇ ಕಲಿತು, ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಡಿದಳು.

"ಏನೇ ಅದು?" ಅಂದರು ಅತ್ತೆ.

"ಕ್ರಿಸ್‌ಮಸ್ ಹಾಡು ಅಜ್ಜಿ. ಚೆನ್ನಾಗಿದೆ ಅಲ್ವಾ?"

ಅತ್ತೆ ಅವಳನ್ನು ಹತ್ತಿರ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚತೊಡಗಿದರು. ಆ ಸಂಜೆ ಅವಳನ್ನು ಆಟಕ್ಕೆ ಬಿಡಲಿಲ್ಲ. ಬಿಡಿ ಅಂತ ನಾನೂ ಅನ್ನಲಿಲ್ಲ.