ಮೋಟರಿಗೆ ಹಚ್ಚಿದ ಕಡಗೋಲು

ಬೆಳಿಗ್ಗೆಯಿಂದ ಕಂಪ್ಯೂಟರಿನ ಹೊಟ್ಟೆಯೊಳಗೆ ಟಕ್, ಟಕ್ ಎನ್ನುತ್ತಿದೆ. ಹಾರ್ಡ್ ಡಿಸ್ಕ್ ಪರೀಕ್ಷಿಸುವ ಸಾಫ್ಟ್‌ವೇರ್ ಮಾತ್ರ ಎಲ್ಲ ಸರಿಯಿದೆ ಎಂದು ಹಸಿರು ಗುರುತು ತೋರಿಸುತ್ತಿದೆ. ನನಗೆ ನಂಬಿಕೆಯಿಲ್ಲ. ತೀರಿಹೋದ ದೊಡ್ಡಪ್ಪನ ಒಂದೇ ಒಂದು ಫೋಟೊ ಇರುವುದು ಅದರಲ್ಲೇ.

ನಮ್ಮೂರು ದೇವನೂರಿನ ಗದ್ದೆಯ ಪಂಪ್‌ಸೆಟ್ಟಿಗೂ ಒಂದು ಹಸಿರು ದೀಪವಿತ್ತು. ಅದು ಉರಿಯುತ್ತಿದ್ದರೂ, ನೀರು ದಬದಬ ಬೀಳುತ್ತಿದ್ದರೂ ದೊಡ್ಡಪ್ಪನಿಗೆ ಅನುಮಾನ. ಅಜ್ಜಿಯ ಕಡಗೋಲು ತಂದು, ಒಂದು ತುದಿಯನ್ನು ಮೋಟರಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು.

“ಮಜ್ಜಿಗೆ ಕಡಿಯೋದ್ನ ತಕ್ಕೊಂಡೋಗಿ ಮೋಟ್ರಿಗೆ ಮಡಗ್ತೀಯಲ್ಲ, ನಿಂಗೇನು ಬಂದಿರಾದು?” ಎಂದು ಅಜ್ಜಿ ಬೈಯುತ್ತಿದ್ದಳು.

“ಸುಮ್ಕಿರವ್ವ, ಒಳ್ಗೆ ಬೇರಿಂಗು ಕಟಕಟ ಅಂತಾ ಅದೆ.”

ಒಮ್ಮೆ ನಾನು ಸ್ಪ್ಯಾನರ್ ಹಿಡಿದು, “ಅಂಗಾದ್ರೆ ಬಿಚ್ಚಿ ನೋಡಿ ದೊಡ್ಡಪ್ಪ” ಎಂದೆ. ಅವರು ನನ್ನ ಕೈ ತಡೆದರು.

“ಬಿಚ್ಚುದ್ಮೇಲೆ ತಿರ್ಗ ಓಡ್ತದೆ ಅಂತ ಏನ್ ಗ್ಯಾರಂಟಿ ಕಣ್ಲಾ? ಓಡ್ತಿರುವಾಗ್ಲೇ ಮೊದ್ಲು ತೊಟ್ಟಿ ತುಂಬ್ಸು.”

ತೊಟ್ಟಿ ತುಂಬಿತು, ಹಂಡೆ ತುಂಬಿತು. ಕೊನೆಯ ಕೊಡಕ್ಕೆ ನೀರು ಹಿಡಿಯುವಾಗ ಮೋಟರು ಒಮ್ಮೆ ಕಿರುಚಿ ನಿಂತೇಹೋಯಿತು.

ಇವತ್ತು ನಾನು ಅಡುಗೆಮನೆಯ ಮರದ ಸೌಟನ್ನು ಡಿಸ್ಕಿಗೆ ಹಚ್ಚಿ ಕೇಳಿದೆ. ಅದೇ ಕಟಕಟ. ಇನ್ನೊಂದು ಪರೀಕ್ಷೆಗೆ ಹೋಗಲಿಲ್ಲ. ನಂಜನಗೂಡಿನ ಅಂಗಡಿಯಿಂದ ಹೊಸ ಡಿಸ್ಕ್ ತಂದು, ಎಲ್ಲಕ್ಕಿಂತ ಮೊದಲು ದೊಡ್ಡಪ್ಪನನ್ನು ಕಾಪಿ ಮಾಡಿಕೊಂಡೆ.

ಹೊಸದು ಸದ್ದೇ ಮಾಡುತ್ತಿಲ್ಲ. ಅದಕ್ಕೇ ನನಗೆ ಅನುಮಾನ.